ಅಪಘಾತದ ಮೊದಲ ಗಂಟೆಯಿಂದ ಮತ್ತೆ ಕಾರು ಹತ್ತುವವರೆಗೆ: ಗಾಯಗೊಂಡವರಿಗೂ, ಅವರ ಮನೆಯವರಿಗೂ

2023ರ ನವೆಂಬರ್. ಹುಬ್ಬಳ್ಳಿಯಲ್ಲಿ ನೆಗೆಣ್ಣಿಯ ಮಗಳ ನಿಶ್ಚಯ ಮುಗಿಸಿಕೊಂಡು ಗದಗಿಗೆ ಹೊರಟಿದ್ದೆವು. ನಮ್ಮನೆಯವರು ಕಾರು ಓಡಿಸುತ್ತಿದ್ದರು. ನಾನು ಅವರ ಪಕ್ಕದ ಸೀಟಿನಲ್ಲಿ, ಹಿಂದೆ ಒಂಬತ್ತನೇ ಕ್ಲಾಸಿನ ಮಗ. ಅಣ್ಣಿಗೇರಿ ದಾಟಿ ಸ್ವಲ್ಪ ದೂರ ಬಂದಿದ್ದೆವು, ಕತ್ತಲಾಗಿತ್ತು. ಮುಂದೆ ಹತ್ತಿ ಅಂಡಿಗೆ (ದೊಡ್ಡ ಮೂಟೆ) ಹೇರಿದ ಟ್ರೇಲರ್ ಎಳೆದುಕೊಂಡು ಒಂದು ಟ್ರ್ಯಾಕ್ಟರ್ ಹೋಗುತ್ತಿತ್ತು. ಹಿಂದೆ ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ಹೆಡ್‌ಲೈಟಿನಲ್ಲಿ ಹತ್ತಿಯ ಬಿಳಿ ಕಂಡಿತು, ನಮ್ಮನೆಯವರು ಸ್ಟೇರಿಂಗ್ ಬಲಕ್ಕೆ ತಿರುಗಿಸಿದರು. ಟ್ರೇಲರಿನ ಮೂಲೆ ನಾನು ಕುಳಿತ ಕಡೆಗೆ ಬಡಿಯಿತು.

ನನ್ನ ಎಡ ತೊಡೆಯ ಎಲುಬು ಮುರಿಯಿತು. ಮುರಿದ ಜಾಗದಲ್ಲಿ ಚೂರೂ ಆಗಿತ್ತು. ಎಡಗಡೆ ಮೂರು ಪಕ್ಕೆಲುಬು ಹೋದವು. ಮಗ ಹಿಂದೆ ಬೆಲ್ಟ್ ಹಾಕಿರಲಿಲ್ಲ, ನನ್ನ ಸೀಟಿಗೆ ಬಂದು ಬಡಿದ. ಅವನಿಗೆ ಕಾಲರ್ ಬೋನ್ ಮುರಿತ, ಹಣೆಗೆ 7 ಹೊಲಿಗೆ. ನಮ್ಮನೆಯವರಿಗೆ ಎದೆ ಮೇಲೆ ಬೆಲ್ಟಿನ ನೀಲಿ ಬರೆ, ಅಷ್ಟೇ. ನಾನು ಮತ್ತೆ ಕರಿಹಲಗೆ ಮುಂದೆ ನಿಂತು ಗಣಿತ ಹೇಳಿದ್ದು 7 ತಿಂಗಳಾದ ಮೇಲೆ.

ಆ 7 ತಿಂಗಳಲ್ಲಿ ನನಗೆ ಒಳ್ಳೆಯದು ಮಾಡಿದವರು ಸುತ್ತಲಿನ ಜನ. ಕೆಟ್ಟದ್ದು ಆಗುವ ಸಂದರ್ಭ ಬಂದಾಗಲೂ ಅದು ಸುತ್ತಲಿನವರ ಪ್ರೀತಿಯಿಂದಲೇ ಬಂತು. ನೀರು ಕುಡಿಸಲು ಬಂದವರು, ರಟ್ಟೆ ಹಿಡಿದು ಎಳೆಯಲು ಬಂದವರು, ಎಣ್ಣೆ ತಂದ ಸೋದರಮಾವ, ರಾಜಿ ಮಾಡಿಸಲು ಬಂದ ಹಿರಿಯರು. ಇವರಲ್ಲಿ ಒಬ್ಬರೂ ಕೆಟ್ಟವರಲ್ಲ. ಏನು ಮಾಡಬೇಕು, ಏನು ಮಾಡಬಾರದು ಅಂತ ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗಾಯ ಆದವರು ಓದಲಿ, ಅವರಿಗಿಂತ ಮೊದಲು ಅವರ ಮನೆಯವರು ಓದಲಿ.

ರಸ್ತೆಯ ಮೇಲೆ

ನಮ್ಮ ಹಿಂದೆ ಬರುತ್ತಿದ್ದ ಒಂದು ಲಾರಿ ನಿಂತಿತು. ಡ್ರೈವರ್ ಮೊದಲು ಮಾಡಿದ ಕೆಲಸ ನಮ್ಮ ಹತ್ತಿರ ಬಂದದ್ದಲ್ಲ. ಲಾರಿಯನ್ನು ನಮ್ಮ ಕಾರಿನ ಹಿಂದೆ ಅಡ್ಡ ನಿಲ್ಲಿಸಿ ನಾಲ್ಕೂ ಇಂಡಿಕೇಟರ್ ಹಾಕಿದ. ಕ್ಲೀನರ್ ಹುಡುಗನನ್ನು ಮೊಬೈಲ್ ಟಾರ್ಚ್ ಕೊಟ್ಟು ಹಿಂದಕ್ಕೆ ಓಡಿಸಿದ, ಬರುವ ಗಾಡಿಗಳಿಗೆ ತೋರಿಸಲು. ಆಮೇಲೆ ಕಾರಿನೊಳಗೆ ಕೈ ಹಾಕಿ ಇಂಜಿನ್ ಬಂದ್ ಮಾಡಿದ. ನೀವೂ ಇದೇ ಕ್ರಮದಲ್ಲಿ ಮಾಡಿ. ಕತ್ತಲಲ್ಲಿ ನಿಂತ ಗಾಡಿಗೆ ಇನ್ನೊಂದು ಗಾಡಿ ಬಂದು ಬಡಿಯುವುದು ಹೆದ್ದಾರಿಯಲ್ಲಿ ಅಪರೂಪವಲ್ಲ. ಸಹಾಯಕ್ಕೆ ಹೋದವರೇ ಸಾಯುವುದು ಹಾಗೆ.

ನಂತರ ಫೋನ್. 112 ಅಥವಾ 108. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಕೂಡ ನಡೆಯುತ್ತದೆ. ಎಲ್ಲಿದ್ದೀರಿ ಅಂತ ಹೇಳುವಾಗ ಯಾವ ಊರು ದಾಟಿದ್ದೀರಿ, ಯಾವ ಕಡೆ ಮುಖ ಮಾಡಿದ್ದೀರಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲೆ ಏನಿದೆ ಅನ್ನುವುದನ್ನು ಹೇಳಿ. ಎಷ್ಟು ಜನಕ್ಕೆ ಗಾಯ, ಎಷ್ಟು ಜನಕ್ಕೆ ಎಚ್ಚರ ಇಲ್ಲ ಅನ್ನುವುದನ್ನೂ ಹೇಳಿ.

ಅಷ್ಟೊತ್ತಿಗೆ ಹತ್ತಿಪ್ಪತ್ತು ಜನ ಕೂಡಿದ್ದರು. ಒಬ್ಬ ಅಜ್ಜ ನೀರಿನ ಬಾಟಲಿ ಹಿಡಿದು ನನ್ನ ಬಾಯಿ ಹತ್ತಿರ ತಂದ. ನನಗೂ ಗಂಟಲು ಒಣಗಿ ಹೋಗಿತ್ತು. ಲಾರಿ ಡ್ರೈವರ್ ತಡೆದ. "ಅಜ್ಜಾ, ನೀರ ಬ್ಯಾಡ. ಹೊಟ್ಟ್ಯಾಗ ಏನಾಗೇತೋ ಗೊತ್ತಿಲ್ಲ, ಆಪರೇಷನ್ ಮಾಡೂದ ಬಂದರ ತ್ರಾಸ ಆಕ್ಕೈತಿ. ತುಟಿ ಒರಸ್ರಿ, ಸಾಕು." ಅಜ್ಜ ತನ್ನ ವಲ್ಲಿಯ ತುದಿ ತೋಯಿಸಿ ನನ್ನ ತುಟಿ ಒರೆಸಿದ. ಆ ತಂಪು ಈಗಲೂ ನೆನಪಿದೆ.

ನಮ್ಮ ಕಡೆ ಗಾಯ ಆದವರಿಗೆ ನೀರು ಕೊಡುವುದು ಪುಣ್ಯದ ಕೆಲಸ. ಆದರೆ ದೊಡ್ಡ ಗಾಯ ಆದವರಿಗೆ ನೀರು, ಚಹಾ, ಸೋಡಾ ಏನೂ ಬೇಡ. ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಅರವಳಿಕೆ ಕೊಡಬೇಕಾದರೆ ಹೊಟ್ಟೆ ಖಾಲಿ ಇದ್ದಷ್ಟು ಒಳ್ಳೆಯದು.

ಎರಡನೆಯದು, ಎಳೆಯುವುದು. ಇಬ್ಬರು ಹುಡುಗರು ನನ್ನ ರಟ್ಟೆ ಹಿಡಿದು ಹೊರಗೆ ತೆಗೆಯಲು ನೋಡಿದರು. ಬೆಂಕಿ ಹತ್ತಿದ್ದರೆ, ಉಸಿರು ನಿಂತಿದ್ದರೆ, ಗಾಡಿ ನೀರಿಗೋ ಹಳ್ಳಕ್ಕೋ ಜಾರುತ್ತಿದ್ದರೆ ತೆಗೆಯಲೇಬೇಕು. ಹಾಗಿಲ್ಲ ಅಂದರೆ ಆಂಬ್ಯುಲೆನ್ಸ್ ಬರುವವರೆಗೆ ಕೂತ ಜಾಗದಲ್ಲೇ ಬಿಡಿ. ಕುತ್ತಿಗೆ, ಬೆನ್ನುಹುರಿಗೆ ಪೆಟ್ಟಾಗಿದ್ದರೆ ಒಂದು ಎಳೆತಕ್ಕೆ ಕೈಕಾಲು ಶಾಶ್ವತವಾಗಿ ಹೋಗಬಹುದು. ತೆಗೆಯಲೇಬೇಕಾದರೆ ಒಬ್ಬರು ತಲೆಯ ಎರಡೂ ಬದಿ ಹಿಡಿದು ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿ ಇರುವಂತೆ ನೋಡಿಕೊಳ್ಳಬೇಕು. ಹೇಳುವವರು ಒಬ್ಬರೇ ಇರಲಿ, ಉಳಿದವರು ಅವರ ಮಾತಿನಂತೆ ಎತ್ತಲಿ.

ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆ ಮಡಚಿ ಗಾಯದ ಮೇಲೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮಗನ ಹಣೆಗೆ ನಮ್ಮನೆಯವರು ಹಾಗೆ ಒತ್ತಿ ಹಿಡಿದಿದ್ದರು. ನಿಂತಿತಾ ಅಂತ ಘಳಿಗೆಗೊಮ್ಮೆ ತೆಗೆದು ನೋಡಬೇಡಿ. ಬಟ್ಟೆ ತೋಯ್ದರೆ ಅದರ ಮೇಲೇ ಇನ್ನೊಂದು ಇಡಿ. ಅರಿಶಿನ, ಕಾಫಿ ಪುಡಿ, ಮಣ್ಣು ಬೇಡವೇ ಬೇಡ. ಒಳಗೆ ಚುಚ್ಚಿಕೊಂಡ ಗಾಜು, ಕಬ್ಬಿಣ ಇದ್ದರೆ ಕೀಳಬೇಡಿ. ಎಚ್ಚರ ಇಲ್ಲದೆ ಉಸಿರಾಡುತ್ತಿದ್ದರೆ ಬಾಯಲ್ಲಿನ ರಕ್ತ, ವಾಂತಿ ಹೊರಗೆ ಹೋಗುವಂತೆ ಜಾಗ್ರತೆಯಿಂದ ಒಂದು ಮಗ್ಗುಲಿಗೆ ಹೊರಳಿಸಿ. ಉಸಿರೇ ಇಲ್ಲ ಅಂದರೆ ಮಟ್ಟಸವಾದ ನೆಲದ ಮೇಲೆ ಮಲಗಿಸಿ, ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿನಷ್ಟು ಒಳಗೆ ಹೋಗುವಂತೆ ಒತ್ತಬೇಕು. ಇದನ್ನು ಒಮ್ಮೆ ಕಲಿತುಕೊಂಡಿರಿ. ನಮ್ಮ ಶಾಲೆಯಲ್ಲಿ ಈಗ ಹತ್ತನೇ ಕ್ಲಾಸಿನ ಮಕ್ಕಳಿಗೆಲ್ಲ ಕಲಿಸಿದ್ದೇವೆ.

ಮುರಿದ ಕಾಲನ್ನು ನೆಟ್ಟಗೆ ಮಾಡಲು ಹೋಗಬೇಡಿ. ಹೇಗಿದೆಯೋ ಹಾಗೇ ಅಲುಗಾಡದಂತೆ ಆಸರೆ ಕೊಡಿ. ತೊಡೆ ಎಲುಬು ಮುರಿದರೆ ಹೊರಗೆ ಹನಿ ರಕ್ತ ಕಾಣದಿದ್ದರೂ ತೊಡೆಯೊಳಗೆ ಒಂದು ಲೀಟರಿಗಿಂತ ಜಾಸ್ತಿ ರಕ್ತ ಹೋಗಬಹುದು. ನನಗೆ ಆದದ್ದು ಅದೇ. ಮಾತಾಡುತ್ತಿದ್ದೆ, ಹೀಗಾಗಿ ಎಲ್ಲರೂ ಹುಷಾರಿದ್ದಾಳೆ ಅಂದುಕೊಂಡರು. ಆಮೇಲೆ ಮೈಯೆಲ್ಲ ತಣ್ಣಗಾಗಿ ನಡುಕ ಶುರುವಾಯಿತು. ಯಾರೋ ಒಬ್ಬಾಕೆ ತನ್ನ ಕಾರಿನಿಂದ ಚಾದರ ತಂದು ಹೊದಿಸಿದಳು. ಗಾಯ ಆದವರನ್ನು ಬೆಚ್ಚಗೆ ಇಡಿ. ಮಾತಾಡಿಸುತ್ತಿರಿ. ಮಾತು ತೊದಲಿದರೆ, ಮಂಪರು ಬಂದರೆ ಆಂಬ್ಯುಲೆನ್ಸಿನವರಿಗೆ ಹೇಳಿ.

"ಸಹಾಯ ಮಾಡಿದರೆ ಪೊಲೀಸ್ ಸ್ಟೇಷನ್, ಕೋರ್ಟು ಅಂತ ಅಲೆಯಬೇಕು" ಅನ್ನುವ ಹೆದರಿಕೆ ಇನ್ನೂ ಜನರಲ್ಲಿದೆ. ಈಗ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮಿನ ಪ್ರಕಾರ, ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು ಹೇಳಿ ಅಂತ ಒತ್ತಾಯ ಮಾಡುವಂತಿಲ್ಲ. ಗಾಯಾಳುವನ್ನು ಬೇಗ ಆಸ್ಪತ್ರೆಗೆ ತಲುಪಿಸಿ ಜೀವ ಉಳಿಸಿದವರಿಗೆ ಕೇಂದ್ರ ಸರ್ಕಾರದ ರಾಹ್-ವೀರ್ ಯೋಜನೆಯಲ್ಲಿ 25,000 ರೂಪಾಯಿ ಬಹುಮಾನವೂ ಇದೆ. ನಮಗೆ ನಿಂತ ಲಾರಿಯವನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಇದನ್ನು ಓದಿದರೆ ಗದಗಿನಲ್ಲಿ ಅವನಿಗೊಂದು ಅಕ್ಕನ ಮನೆ ಇದೆ ಅಂತ ತಿಳಿಯಲಿ.

ಆಸ್ಪತ್ರೆಯಲ್ಲಿ

ಮೊದಲು ಗದಗಿಗೆ, ಅಲ್ಲಿ ಕಾಲಿಗೆ ಸ್ಪ್ಲಿಂಟ್ ಕಟ್ಟಿ, ರಕ್ತ ಕೊಟ್ಟು, ಅದೇ ರಾತ್ರಿ ಹುಬ್ಬಳ್ಳಿಗೆ. ಮರುದಿನ ತೊಡೆಯೊಳಗೆ ರಾಡ್ ಹಾಕಿದರು.

ದಾಖಲಾಗುವಾಗಲೇ ಎಂಎಲ್‌ಸಿ ಮಾಡಿಸಿ. ರಸ್ತೆ ಅಪಘಾತ ಅಂತ ಆಸ್ಪತ್ರೆಯ ದಾಖಲೆಯಲ್ಲಿ ಬರೆಯುವುದು ಅದೇ. "ಮನೆಯಲ್ಲಿ ಜಾರಿ ಬಿದ್ದೆ ಅಂತ ಬರೆಸಿ, ಪೊಲೀಸ್ ರಗಳೆ ತಪ್ಪುತ್ತದೆ" ಅನ್ನುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಒಪ್ಪಬೇಡಿ. ಆ ಒಂದು ಸಾಲಿನಿಂದ ಮುಂದೆ ಪರಿಹಾರದ ಕೇಸೇ ಬಿದ್ದು ಹೋಗಬಹುದು.

ಇನ್ನೊಂದು ಮಾತು ಕೇಳಿ. ನಾವಿದ್ದಾಗ ಇರದ ಸೌಲಭ್ಯ ಈಗ ಬಂದಿದೆ. 2025ರ ಮೇ ತಿಂಗಳಿಂದ ಜಾರಿಯಾದ ಕೇಂದ್ರದ ಯೋಜನೆಯಲ್ಲಿ, ಮೋಟಾರು ವಾಹನದಿಂದ ರಸ್ತೆ ಅಪಘಾತಕ್ಕೆ ಸಿಕ್ಕವರಿಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದು ಕಟ್ಟದೆ ಚಿಕಿತ್ಸೆ ಸಿಗುತ್ತದೆ. ಯಾರ ತಪ್ಪು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ನಿಮ್ಮ ಆಸ್ಪತ್ರೆ ಆ ಪಟ್ಟಿಯಲ್ಲಿ ಇದೆಯೇ ಅಂತ ಕೌಂಟರಿನಲ್ಲಿ ಮೊದಲ ದಿನವೇ ಕೇಳಿ. ನಮ್ಮ ತಮ್ಮ ಆ ರಾತ್ರಿ ಮುಂಗಡ ಹಣ ಹೊಂದಿಸಲು ನಾಲ್ಕು ಜನರಿಗೆ ಫೋನ್ ಮಾಡಿದ್ದ.

ಅವನೇ ಮಾಡಿದ ಇನ್ನೊಂದು ಕೆಲಸದಿಂದ ನಮಗೆ ಆದ ಉಪಕಾರ ಅಷ್ಟಿಷ್ಟಲ್ಲ. ಆಸ್ಪತ್ರೆಯ ಎದುರಿನ ಅಂಗಡಿಯಿಂದ 200 ಪುಟದ ನೋಟ್‌ಬುಕ್ ತಂದ. ಎಡಗಡೆ ಪುಟದಲ್ಲಿ ಯಾವ ಔಷಧ, ಎಷ್ಟು ಗಂಟೆಗೆ, ಯಾರು ಕೊಟ್ಟರು. ಬಲಗಡೆ ಪುಟದಲ್ಲಿ ಆ ದಿನದ ಖರ್ಚು, ಬಿಲ್ ನಂಬರ್ ಸಮೇತ. ಕೊನೆಯ ಪುಟಗಳಲ್ಲಿ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳು. ಬೆಳಿಗ್ಗೆ ಡಾಕ್ಟರ್ ರೌಂಡ್ಸಿಗೆ ಬಂದು ಎರಡು ನಿಮಿಷ ನಿಲ್ಲುತ್ತಾರೆ. ಆ ಹೊತ್ತಿಗೆ ನಮಗೆ ಏನೂ ನೆನಪಾಗುವುದಿಲ್ಲ, ಅಲ್ವಾ? ಬರೆದಿಟ್ಟಿದ್ದರೆ ಓದಿ ಕೇಳಬಹುದು. ಎಷ್ಟು ದಿನಕ್ಕೆ ಭಾರ ಹಾಕಬಹುದು, ಯಾವ ಮಾತ್ರೆ ಯಾತಕ್ಕೆ, ಮನೆಗೆ ಹೋದ ಮೇಲೆ ಏನಾದರೆ ಓಡಿ ಬರಬೇಕು. ಈ ಮೂರು ಪ್ರಶ್ನೆ ಮಾತ್ರ ಬಿಡಬೇಡಿ.

ದೊಡ್ಡ ನೋವು ಸಣ್ಣ ನೋವನ್ನು ಮುಚ್ಚಿಬಿಡುತ್ತದೆ. ನನ್ನ ಬಲಗೈ ಕಿರುಬೆರಳು ಮುರಿದಿದ್ದು ಗೊತ್ತಾಗಿದ್ದು ನಾಲ್ಕನೇ ದಿನ, ಲೋಟ ಹಿಡಿಯಲು ಹೋದಾಗ. ಅದಕ್ಕೇ ಸ್ವಲ್ಪ ಸುಧಾರಿಸಿದ ಮೇಲೆ ತಲೆಯಿಂದ ಪಾದದವರೆಗೆ ಇನ್ನೊಮ್ಮೆ ನೋಡಿ ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಹೊಟ್ಟೆ ಮೇಲೆ ಬೆಲ್ಟಿನ ಬರೆ ಇದ್ದು ಹೊಟ್ಟೆನೋವು ಹೆಚ್ಚಾಗುತ್ತಿದ್ದರೆ ತಕ್ಷಣ ಹೇಳಬೇಕು. ಕಡಿಮೆ ಪೆಟ್ಟಾದವರನ್ನು ಮರೆಯಬೇಡಿ. ಮಗನನ್ನು ಎರಡು ದಿನ ಕಾಯ್ದೆವು. ತಲೆಗೆ ಪೆಟ್ಟಾದವರಿಗೆ ಮತ್ತೆ ಮತ್ತೆ ವಾಂತಿ, ಹೆಚ್ಚುತ್ತ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ತೊದಲು ಮಾತು, ಒಂದು ಕಣ್ಣಿನ ಪಾಪೆ ದೊಡ್ಡದು ಒಂದು ಸಣ್ಣದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬಾರದು.

ಉಸಿರು

ತೊಡೆಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಪಕ್ಕೆಲುಬು. ಅದಕ್ಕೆ ಕಟ್ಟಿಲ್ಲ, ಪ್ಲಾಸ್ಟರ್ ಇಲ್ಲ. ಉಸಿರು ಎಳೆದರೆ ಚೂರಿ ಹಾಕಿದಂತೆ. ಹೀಗಾಗಿ ಮೇಲೆ ಮೇಲೆ ಉಸಿರಾಡುತ್ತಿದ್ದೆ, ಕೆಮ್ಮು ಬಂದರೆ ತಡೆದುಕೊಳ್ಳುತ್ತಿದ್ದೆ. ಹಾಗೆ ಮಾಡಿದರೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ ಅಂತ ನರ್ಸ್ ಬಿಡಿಸಿ ಹೇಳಿದಳು. ಒಂದು ದಿಂಬು ತಂದು ನೋವಿನ ಜಾಗಕ್ಕೆ ಅವಚಿಕೊಳ್ಳಲು ಕೊಟ್ಟಳು. "ಇದನ್ನ ಗಟ್ಟಿ ಅವಚ್ಕೊಂಡ ಕೆಮ್ರಿ ಟೀಚರ್." ದಿಂಬು ಅವಚಿಕೊಂಡರೆ ನೋವು ಅರ್ಧ ಕಡಿಮೆ. ನಂಬಲಾಗಲಿಲ್ಲ.

ಮೂರು ಚೆಂಡಿನ ಸ್ಪೈರೋಮೀಟರ್ ಅಂತ ಒಂದು ಪ್ಲಾಸ್ಟಿಕ್ ಸಾಧನ ಇರುತ್ತದೆ. ನಳಿಕೆ ಬಾಯಲ್ಲಿಟ್ಟು ಉಸಿರು ಒಳಗೆ ಎಳೆದರೆ ಚೆಂಡು ಮೇಲೇರುತ್ತವೆ. ಎಷ್ಟೋ ಜನ ಊದುತ್ತಾರೆ. ಊದುವುದಲ್ಲ, ಎಳೆಯುವುದು. ಮೊದಲ ದಿನ ಒಂದು ಚೆಂಡು ಅಲುಗಾಡಿ ಕೆಳಗೆ ಬಿತ್ತು. ಗಂಟೆಗೊಮ್ಮೆ ಹತ್ತು ಸಲ ಎಳೆಯಬೇಕು ಅಂದಿದ್ದರು. ಮಗ ತನ್ನ ಕೈ ಜೋಳಿಗೆಯಲ್ಲಿ ಹಾಕಿಕೊಂಡು ಪಕ್ಕದಲ್ಲಿ ಕೂತು ಎಣಿಸುತ್ತಿದ್ದ. ಐದನೇ ದಿನ ಎರಡನೇ ಚೆಂಡು ಏರಿತು. ಮೂರನೆಯದು ಏರಿದ್ದು ಮನೆಗೆ ಬಂದ ಮೇಲೆ. ನೋವು ಸಹಿಸಿಕೊಂಡು ಮಾತ್ರೆ ಬಿಡುವುದು ದೊಡ್ಡಸ್ತಿಕೆ ಅಂತ ನಾನು ತಿಳಿದಿದ್ದೆ. ನೋವು ಹತೋಟಿಯಲ್ಲಿದ್ದರೆ ಮಾತ್ರ ಉಸಿರು ಪೂರ್ತಿ ಎಳೆಯಲು ಆಗುತ್ತದೆ. ಡಾಕ್ಟರ್ ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ತೆಗೆದುಕೊಳ್ಳಿ. ಅಂಗಡಿಯಿಂದ ನೀವೇ ಜಾಸ್ತಿ ತಂದು ನುಂಗಬೇಡಿ.

ಮನೆಗೆ ಬಂದ ಮೇಲೆ

ನೀವು ಬರುವ ಮೊದಲೇ ಮನೆ ಸಿದ್ಧವಾಗಿರಬೇಕು. ಮಂಚ ಮೊಣಕಾಲು ಮಟ್ಟಕ್ಕೆ ಇರಲಿ, ತೀರ ಕೆಳಗಿದ್ದರೆ ಏಳಲು ಆಗುವುದಿಲ್ಲ. ಕಾಲೊರೆಸುವ ಚಾಪೆ, ನೆಲದ ಜಮಖಾನೆ ಎಲ್ಲ ತೆಗೆಯಿರಿ, ವಾಕರ್ ಸಿಕ್ಕಿಕೊಳ್ಳುತ್ತದೆ. ನಮ್ಮ ಹಳೆ ಮನೆಯ ಹೊಸ್ತಿಲು ಎತ್ತರ. ಅಲ್ಲಿ ಬಡಿಗೇರ ಕಾಕಾ ಒಂದು ಇಳಿಜಾರು ಹಲಗೆ ಬಡಿದುಕೊಟ್ಟರು. ಕುಕ್ಕರಗಾಲಲ್ಲಿ ಕೂರುವ ಪಾಯಖಾನೆ ತಿಂಗಳುಗಟ್ಟಲೆ ಆಗುವುದಿಲ್ಲ, ಕಮೋಡ್ ಕುರ್ಚಿ ತರಿಸಿ. ವಾಕರ್, ಕುರ್ಚಿ, ಗಾಳಿ ಹಾಸಿಗೆ ಬಾಡಿಗೆಗೂ ಸಿಗುತ್ತವೆ. ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. ಏಳಲು ಆಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣು ಬೀಳುತ್ತದೆ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಮ್ಮ ಊಟದಲ್ಲೇ ಎಲ್ಲ ಇದೆ. ಹೆಸರುಕಾಳು, ಮಡಿಕೆಕಾಳಿನ ಪಲ್ಲೆ, ಝುಣಕ, ಮೊಸರು, ಶೇಂಗಾ ಚಟ್ನಿ, ತಿನ್ನುವವರಾದರೆ ತತ್ತಿ. ಎಲುಬು ಕೂಡಲು ಪ್ರೋಟೀನ್ ಬೇಕು. ಅತ್ತೆಯವರು ಅಂಟಿನ ಉಂಡಿ ಕಟ್ಟಿ ಡಬ್ಬಿ ತುಂಬಿಸಿದ್ದರು. ದಿನಕ್ಕೆ ಒಂದು ತಿಂದೆ, ಮಲಗಿದಲ್ಲೇ ಇರುವವರಿಗೆ ಅದಕ್ಕಿಂತ ಜಾಸ್ತಿ ಬೇಡ. ನೋವಿನ ಕೆಲವು ಮಾತ್ರೆಗಳಿಂದ ಮಲ ಗಟ್ಟಿಯಾಗುತ್ತದೆ, ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ನೀರು, ಸೊಪ್ಪು, ಬಾಳೆಹಣ್ಣು ಬಿಡಬೇಡಿ. ಬೀಡಿ, ಸಿಗರೇಟು ಸೇದುವವರಿದ್ದರೆ ಇವತ್ತೇ ನಿಲ್ಲಿಸಲಿ, ಎಲುಬು ಕೂಡುವುದು ಅದರಿಂದ ನಿಜವಾಗಿ ತಡವಾಗುತ್ತದೆ.

ಇನ್ನು ಕಾಲು. ಹಾಸಿಗೆಯಲ್ಲಿ ಮಲಗಿದಾಗಲೇ ಗಂಟೆಗೊಮ್ಮೆ ಪಾದವನ್ನು ಮುಂದೆ ಹಿಂದೆ ಆಡಿಸಬೇಕು. ಮೊಣಕಾಲ ಕೆಳಗೆ ಸುರುಳಿ ಟಾವೆಲ್ ಇಟ್ಟು ಅದನ್ನು ಕೆಳಗೆ ಅದುಮಿ ಹತ್ತು ಎಣಿಸಬೇಕು. ನೋಡಿದವರಿಗೆ ಏನೂ ಮಾಡಿದಂತೆ ಕಾಣುವುದಿಲ್ಲ. ಆದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಯುವುದು ಮೊದಲನೆಯದು, ತೊಡೆಯ ಸ್ನಾಯು ಕರಗದಂತೆ ಉಳಿಸುವುದು ಎರಡನೆಯದು.

ಎಲುಬು ಚೂರಾಗಿದ್ದರಿಂದ ಮೊದಲ ಆರು ವಾರ ಎಡಗಾಲಿಗೆ 15 ಕಿಲೋಗಿಂತ ಜಾಸ್ತಿ ಭಾರ ಹಾಕಬೇಡಿ ಅಂದಿದ್ದರು. 15 ಕಿಲೋ ಅಂದರೆ ಎಷ್ಟು ಅಂತ ಕಾಲಿಗೆ ಹೇಗೆ ಗೊತ್ತಾಗಬೇಕು? ಫಿಸಿಯೋಥೆರಪಿಯ ಹುಡುಗಿ ಉಪಾಯ ಹೇಳಿದಳು. ಮೈತೂಕ ನೋಡುವ ಯಂತ್ರ ಇಟ್ಟು, ಅದರಷ್ಟೇ ಎತ್ತರದ ಹಲಗೆಯ ಮೇಲೆ ಬಲಗಾಲು, ಯಂತ್ರದ ಮೇಲೆ ಎಡಗಾಲು. ಕೈ ವಾಕರಿನ ಮೇಲೆ. ಮೆಲ್ಲಗೆ ಒತ್ತಿದೆ. ಮುಳ್ಳು 8ಕ್ಕೆ ಬಂತು, 11, 14. ಇನ್ನೊಂದು ಚೂರು ಒತ್ತಿದರೆ 22ಕ್ಕೆ ಹಾರಿತು. ಹೆದರಿ ಕಾಲೆತ್ತಿದೆ. ದಿನಾ ಬೆಳಿಗ್ಗೆ ಹತ್ತು ನಿಮಿಷ ಇದೇ ಅಭ್ಯಾಸ. ಒಂದು ವಾರಕ್ಕೆ ಕಣ್ಣು ಮುಚ್ಚಿದರೂ 15 ಅಂದರೆ 15. ನಿಮ್ಮ ಡಾಕ್ಟರ್ ಹೇಳುವ ತೂಕ ಬೇರೆ ಇರಬಹುದು, ಕೆಲವರಿಗೆ ಮೊದಲ ವಾರವೇ ಪೂರ್ತಿ ಭಾರ ಹಾಕಿ ಅನ್ನುತ್ತಾರೆ. ಅವರು ಹೇಳಿದ್ದಕ್ಕಿಂತ ಜಾಸ್ತಿಯೂ ಬೇಡ, ಹೆದರಿ ಕಡಿಮೆಯೂ ಬೇಡ. ಎಕ್ಸ್‌ರೇಯಲ್ಲಿ ಹೊಸ ಎಲುಬು ಮೋಡದ ಹಾಗೆ ಮುರಿದ ಜಾಗವನ್ನು ಸುತ್ತಿಕೊಂಡದ್ದು ಕಂಡ ಮೇಲೆ, ಹದಿನಾಲ್ಕನೇ ವಾರಕ್ಕೆ, ನನಗೆ ಪೂರ್ತಿ ಭಾರ ಹಾಕಲು ಹೇಳಿದರು. ಆಮೇಲೆ ಬೆತ್ತ.

ಎರಡನೇ ತಿಂಗಳಲ್ಲಿ ಸೋದರಮಾವ ಊರಿನಿಂದ ಬಂದರು. ಎಲುಬು ಕಟ್ಟುವವರಿಂದ ತಂದ ಎಣ್ಣೆ ಬಾಟಲಿ ಕೈಯಲ್ಲಿತ್ತು. "ರಾಡ್ ಹಾಕಿದ್ದಕ್ಕೇನಾತು, ಮ್ಯಾಲೆ ನೀವಿದರ ಲಗೂನ ಕೂಡತೈತಿ" ಅಂದರು. ಅವರು ನನ್ನನ್ನು ಎತ್ತಿ ಆಡಿಸಿದವರು. ಹೇಗೆ ಬೇಡ ಅನ್ನುವುದು? ನಮ್ಮನೆಯವರು ನೋಟ್‌ಬುಕ್ ತೆಗೆದು ಡಾಕ್ಟರ್ ಹೇಳಿ ಬರೆಸಿದ್ದನ್ನು ಓದಿದರು. ಮುರಿದ ಜಾಗವನ್ನು ನೀವುವುದು, ತಿಕ್ಕುವುದು ಬೇಡ. ಕೂಡುತ್ತಿರುವ ಎಲುಬಿಗೆ ಪೆಟ್ಟು. ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ತಿಕ್ಕಿದಾಗ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಅಪಾಯ. ಮಾವ ಸುಮ್ಮನೆ ಕೇಳಿದರು. ಆಮೇಲೆ ಆ ಎಣ್ಣೆಯನ್ನು ನನ್ನ ಅಂಗೈಗೆ ಹಚ್ಚಿ ತಿಕ್ಕಿದರು, ವಾಕರ್ ಹಿಡಿದು ಅಂಗೈ ಜಡ್ಡುಗಟ್ಟಿತ್ತು. ಹಿರಿಯರಿಗೆ ಬೇಡ ಅನ್ನುವುದರ ಜೊತೆಗೆ ಅವರು ಮಾಡಬಹುದಾದ ಇನ್ನೊಂದು ಸೇವೆ ತೋರಿಸಿಕೊಡಿ.

ಒಂದೇ ಕಾಲಿನ ಮೀನಖಂಡ ಬಾತು, ಬಿಸಿಯಾಗಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ, ಹೊಲಿಗೆ ಜಾಗ ಕೆಂಪಾಗಿ ಕೀವು ಬಂದರೆ, ಚಳಿಜ್ವರ ಬಂದರೆ, ಫೋನ್ ಮಾಡಿ ಕೇಳುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಕಾಗದ ಪತ್ರ

ನಾಲ್ಕನೇ ವಾರ ಟ್ರ್ಯಾಕ್ಟರಿನವರ ಕಡೆಯ ಇಬ್ಬರು ಹಿರಿಯರು ಬಂದರು. 50,000 ರೂಪಾಯಿ ಕೊಡುತ್ತೇವೆ, ಬಾಂಡ್ ಪೇಪರ್ ಮೇಲೆ ಸಹಿ ಮಾಡಿ ಮುಗಿಸಿಬಿಡೋಣ ಅಂದರು. ಅವರ ಮಾತಿನಲ್ಲಿ ಮೋಸ ಇರಲಿಲ್ಲ, ಬಡ ರೈತ, ಕೇಸಿಗೆ ಹೆದರಿದ್ದ. ಆದರೆ ಅಷ್ಟು ಹಣ ನನ್ನ ಮೊದಲ ವಾರಕ್ಕೂ ಸಾಲುತ್ತಿರಲಿಲ್ಲ. ಗಾಡಿಗೆ ವಿಮೆ ಇದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ, ರೈತ ಹೊಲ ಮಾರಬೇಕಾಗಿಲ್ಲ. ಇದನ್ನು ಅವರಿಗೂ ಬಿಡಿಸಿ ಹೇಳಿದೆವು, ಚಹಾ ಕುಡಿದು ಹೋದರು. ರಾಜಿ ಆಗಬೇಕಾದರೂ ಲೋಕ್ ಅದಾಲತ್‌ನಲ್ಲಿ, ವಕೀಲರ ಎದುರು ಆಗಲಿ.

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು ಅಪಘಾತದ ದಿನದಿಂದ 6 ತಿಂಗಳು ಅಂತ ಕಾಯ್ದೆಯಲ್ಲಿದೆ, 2022ರ ಏಪ್ರಿಲ್ 1ರಿಂದ. ಪೂರ್ತಿ ಗುಣವಾದ ಮೇಲೆ ನೋಡೋಣ ಅಂದರೆ ಅವಧಿ ಮುಗಿದಿರುತ್ತದೆ. ಅಪಘಾತ ಆದ ಊರಿನಲ್ಲೇ ಹಾಕಬೇಕು ಅಂತಿಲ್ಲ, ನೀವು ವಾಸವಿರುವ ಕಡೆಯೂ ಹಾಕಬಹುದು. ಅರ್ಜಿಗೆ ಬೇಕಾದ ಕಾಗದಗಳು: ಎಫ್‌ಐಆರ್, ಸ್ಥಳ ಪಂಚನಾಮೆ, ಗಾಯದ ಸರ್ಟಿಫಿಕೇಟು, ಮೋಟಾರು ವಾಹನ ನಿರೀಕ್ಷಕರ ವರದಿ, ಚಾರ್ಜ್‌ಶೀಟು, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಮೂಲ ಬಿಲ್ಲುಗಳು, ರಜೆಯ ದಾಖಲೆ. ಔಷಧದ ಬಿಲ್ಲು ಅಷ್ಟೇ ಅಲ್ಲ, ಓಡಾಟದ ಖರ್ಚು, ನೋಡಿಕೊಂಡವರ ಖರ್ಚು, ಪೌಷ್ಟಿಕ ಆಹಾರ, ಮುಂದೆ ರಾಡ್ ತೆಗೆಯುವ ಆಪರೇಷನ್, ಎಲ್ಲವನ್ನೂ ಕೇಳಬಹುದು. ನಮ್ಮ ವಕೀಲರು ತಮ್ಮನ ನೋಟ್‌ಬುಕ್ಕಿನ ಬಲಗಡೆ ಪುಟಗಳನ್ನು ಒಂದೊಂದಾಗಿ ನೋಡಿ ಲೆಕ್ಕ ತೆಗೆದರು. ಮೆಡಿಕಲ್ ಶಾಪಿನ ಬಿಲ್ಲು ಕೆಲವೇ ತಿಂಗಳಲ್ಲಿ ಅಳಿಸಿ ಹೋಗುತ್ತದೆ, ಬಂದ ದಿನವೇ ಜೆರಾಕ್ಸ್ ಮಾಡಿಸಿ.

ಬಡಿದ ಗಾಡಿ ಓಡಿ ಹೋಗಿ ಗುರುತು ಸಿಗದಿದ್ದರೂ ಸರ್ಕಾರದ ಪರಿಹಾರ ಇದೆ, ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ರೂಪಾಯಿ. ನಿಮ್ಮ ಸ್ವಂತ ಕಾರಿನ ಪಾಲಿಸಿಯನ್ನೂ ತೆಗೆದು ಓದಿ. ಬರೀ ಥರ್ಡ್ ಪಾರ್ಟಿ ಇದ್ದರೆ ಕಾರಿನೊಳಗೆ ಕೂತವರಿಗೆ ಅದರಿಂದ ಏನೂ ಸಿಗುವುದಿಲ್ಲ. ಒಳಗೆ ಕೂತವರನ್ನೂ ಸೇರಿಸಿಕೊಳ್ಳುವ ಪ್ಯಾಕೇಜ್ ಪಾಲಿಸಿ ಇರಲಿ.

ಮನಸ್ಸು

ಮಾತಾಡಿಸಲು ಬಂದವರು ತಮಗೆ ಗೊತ್ತಿರುವ ಅಪಘಾತಗಳನ್ನೆಲ್ಲ ಹೇಳುತ್ತಾರೆ. ಇಂಥವರು ಹೋಗಿಬಿಟ್ಟರು, ಇಂಥವರು ಕುಂಟರಾದರು. ಮಗ ಎದ್ದು ಹಿತ್ತಿಲಿಗೆ ಹೋಗುತ್ತಿದ್ದ. ಕೊನೆಗೆ ಅತ್ತೆಯವರೇ ಬಾಗಿಲಲ್ಲಿ ಹೇಳತೊಡಗಿದರು, "ಒಳಗ ಬರ್ರಿ, ಆದರ ಆಕ್ಸಿಡೆಂಟಿನ ಸುದ್ದಿ ಬ್ಯಾಡ್ರಿ." ಇದನ್ನು ಮನೆಯವರೊಬ್ಬರು ಗಟ್ಟಿ ಮನಸ್ಸು ಮಾಡಿ ಮಾಡಲೇಬೇಕು.

ರಾತ್ರಿ ನನಗೆ ಹತ್ತಿಯ ಬಿಳಿ ಕಾಣುತ್ತಿತ್ತು. ಬೀದಿಯಲ್ಲಿ ಟ್ರೇಲರಿನ ಸರಪಳಿ ಸದ್ದಾದರೆ ಹಾಸಿಗೆ ಹಿಡಿದುಕೊಳ್ಳುತ್ತಿದ್ದೆ. ನಮ್ಮನೆಯವರು ಮಾತು ಕಡಿಮೆ ಮಾಡಿದರು. ಮೈಮೇಲೆ ಕಮ್ಮಿ ಗಾಯವಾದ ಅವರಿಗೆ ಒಳಗೆ ಜಾಸ್ತಿ ಆಗಿತ್ತು. ನಾನೇ ಓಡಿಸುತ್ತಿದ್ದೆ ಅನ್ನುವುದು ಅವರನ್ನು ತಿನ್ನುತ್ತಿತ್ತು. ಮೊದಲ ಕೆಲವು ವಾರ ಹೀಗಾಗುವುದು ಸಹಜ. ಒಂದು ತಿಂಗಳು ದಾಟಿದರೂ ನಿದ್ದೆ ಇಲ್ಲ, ಕನಸು ಬಿಡುತ್ತಿಲ್ಲ, ಊಟ ಸೇರುತ್ತಿಲ್ಲ ಅಂದರೆ ಡಾಕ್ಟರಿಗೆ ತೋರಿಸಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಮನೆಯಿಂದಲೇ ಮಾತಾಡಬೇಕಾದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಾವಿಬ್ಬರೂ ಡಿಮ್ಹಾನ್ಸಿಗೆ ಹೋಗಿ ತೋರಿಸಿದೆವು. ನಮ್ಮನೆಯವರಿಗೆ ಬೇಕಾಗಿದ್ದು ಯಾರಾದರೊಬ್ಬ ಹೊರಗಿನವರ ಎದುರು ಒಂದು ಸಲ ಅಳುವುದು.

ಮತ್ತೆ ಕಾರು ಹತ್ತಲು ಅಲ್ಲಿನ ಡಾಕ್ಟರ್ ಹಂತ ಹಾಕಿಕೊಟ್ಟರು. ಎದೆ ಬಡಿತ ತಾನಾಗಿ ಇಳಿಯುವವರೆಗೆ ಒಂದು ಹಂತದಲ್ಲೇ ಇರಬೇಕು, ಅರ್ಧಕ್ಕೆ ಓಡಿ ಬರಬಾರದು, ಮುಂದಿನದಕ್ಕೆ ಹಾರಲೂಬಾರದು. ಮೊದಲ ವಾರ ಮನೆ ಮುಂದೆ ನಿಂತ ಕಾರಿನಲ್ಲಿ ಸುಮ್ನೆ ಕೂತೆ. ಬಾಗಿಲು ತೆರೆದು ಒಂದು ದಿನ, ಮುಚ್ಚಿ ಒಂದು ದಿನ. ಆಮೇಲೆ ಗದಗಿಗೆ ಅಂಟಿಕೊಂಡ ಬೆಟಗೇರಿಯವರೆಗೆ, ಹಗಲು. ಆಮೇಲೆ ಅಣ್ಣಿಗೇರಿ ದಾರಿಯಲ್ಲಿರುವ ಹುಲಕೋಟಿ. ಆ ಹಂತದಲ್ಲೇ ಮೂರು ವಾರ ನಿಂತೆ, ಅದರಾಚೆ ಮನಸ್ಸು ಒಪ್ಪಲಿಲ್ಲ.

ಈ ಮಧ್ಯೆ ನಮ್ಮನೆಯವರು ಕೆಂಪು ರಿಫ್ಲೆಕ್ಟರ್ ಟೇಪಿನ ಸುರುಳಿ ತರತೊಡಗಿದರು. ನಮ್ಮ ಊರಿನ ಟ್ರೇಲರುಗಳ ಹಿಂದೆ, ಎರಡೂ ಮೂಲೆಗೆ, ಅಂಡಿಗೆ ಜೋತು ಬಿದ್ದರೂ ಮುಚ್ಚದಂತೆ ಕೆಳಗಿನ ಪಟ್ಟಿಯ ಮೇಲೆ ಹಚ್ಚುತ್ತಾರೆ. ಮೊದಲು ಧೂಳು ಒರೆಸಬೇಕು, ಇಲ್ಲದಿದ್ದರೆ ವಾರಕ್ಕೆ ಕಿತ್ತು ಬರುತ್ತದೆ. ಒಂದು ಟ್ರೇಲರಿಗೆ ಹತ್ತು ನಿಮಿಷದ ಕೆಲಸ. ಸುಗ್ಗಿ ಶುರುವಾಗುವ ಮೊದಲು ನಿಮ್ಮ ಊರಲ್ಲೂ ಹಚ್ಚಿ.

ಹತ್ತನೇ ತಿಂಗಳಲ್ಲಿ ಅಣ್ಣಿಗೇರಿಗೆ ಹೋದೆವು. ಬೆಳಿಗ್ಗೆ ಹತ್ತು ಗಂಟೆ. ನಾನು ಅದೇ ಎಡಗಡೆ ಸೀಟಿನಲ್ಲಿ, ಮಗ ಹಿಂದೆ ಬೆಲ್ಟ್ ಹಾಕಿಕೊಂಡು. ಆ ಜಾಗ ಬಂದಾಗ ನಿಲ್ಲಿಸಿ ಅಂತ ನಾನೇ ಕೇಳಿದ್ದೆ. ರಸ್ತೆ ಬಿಟ್ಟು ಪೂರ್ತಿ ಕೆಳಗೆ ಇಳಿಸಿ, ಇಂಡಿಕೇಟರ್ ಹಾಕಿ ನಿಲ್ಲಿಸಿದರು. ಬದಿಯಲ್ಲಿ ಹೆಸರು ಕಿತ್ತ ಹೊಲ, ಕರಿ ಮಣ್ಣು, ಅಷ್ಟೇ. ಗುರುತು ಹಿಡಿಯುವಂಥದ್ದು ಏನೂ ಇರಲಿಲ್ಲ. ಎದೆ ಬಡಿತ ಇಳಿಯುವವರೆಗೆ ಕೂತೆವು, ಹನ್ನೆರಡು ನಿಮಿಷ. ಆಮೇಲೆ ಊರೊಳಗೆ ಹೋಗಿ ಅಮೃತೇಶ್ವರನ ಗುಡಿಯಲ್ಲಿ ಬೆತ್ತ ಊರಿಕೊಂಡು ಒಂದು ಸುತ್ತು ಹಾಕಿ, ಕತ್ತಲಾಗುವ ಮೊದಲು ಮನೆಗೆ ಬಂದೆವು.